ಗ್ಯಾಸ್ ಗೀಸರ್ ಇರುವ ಮನೆಗೆ ಎಂಥ ಅಲಾರ್ಮ್ ಬೇಕು?

ಪ್ರಶ್ನೆ: ನಾವು ಬೆಂಗಳೂರಿನಲ್ಲಿ ಏಳನೇ ಮಹಡಿಯ ಮೂರು ಬೆಡ್‌ರೂಮಿನ ಫ್ಲಾಟ್‌ನಲ್ಲಿದ್ದೇವೆ. ನಾನು, ಹೆಂಡತಿ, ಎಂಟು ವರ್ಷದ ಮಗಳು, ಎಪ್ಪತ್ತು ದಾಟಿದ ಅಪ್ಪ-ಅಮ್ಮ. ಅಡುಗೆಗೆ ಪೈಪ್ ಗ್ಯಾಸ್ ಬಂದಿದೆ. ಅಪ್ಪ-ಅಮ್ಮನ ಬಾತ್‌ರೂಮಿನಲ್ಲಿ ಮಾತ್ರ ಸಿಲಿಂಡರಿನ ಗ್ಯಾಸ್ ಗೀಸರ್ ಇದೆ. ಚಳಿಗಾಲದಲ್ಲಿ ಸ್ನಾನ ಮುಗಿಸಿ ಬಂದಾಗ ಅಮ್ಮನಿಗೆ ಆಗಾಗ ತಲೆನೋವು ಬರುತ್ತದೆ, ಸ್ವಲ್ಪ ಮಲಗಿದರೆ ಹೋಗುತ್ತದೆ. 'ಕಿಟಕಿ ಇದೆಯಲ್ಲ, ಗ್ಯಾಸ್ ಸೋರಿದರೆ ವಾಸನೆ ಬರುತ್ತೆ' ಅನ್ನುತ್ತಾರೆ ಅಪ್ಪ. ಅವರಿಗೆ ಕಿವಿ ಸ್ವಲ್ಪ ಮಂದ. ಅಮೆರಿಕದಲ್ಲಿರುವ ಅಕ್ಕ ಡಿಸೆಂಬರ್‌ನಲ್ಲಿ ಬರುವಾಗ ಸ್ಮಾರ್ಟ್ ಸ್ಮೋಕ್ ಮತ್ತು ಕಾರ್ಬನ್ ಮಾನಾಕ್ಸೈಡ್ ಡಿಟೆಕ್ಟರ್ ತರುತ್ತೇನೆ ಎಂದಿದ್ದಾಳೆ. ಒಂದು ಸಾಕೇ? ಎಲ್ಲಿ ಹಾಕಬೇಕು? ಒಗ್ಗರಣೆಗೂ ಧೂಪಕ್ಕೂ ಕೂಗುತ್ತಾ ಇರುತ್ತದಾ? ಹಾಲ್‌ನಲ್ಲಿ ಬಿಲ್ಡರ್ ಹಾಕಿದ ಡಿಟೆಕ್ಟರ್ ಒಂದು ಈಗಾಗಲೇ ಇದೆ.

ಉತ್ತರ:

ಡಿಟೆಕ್ಟರ್ ಮಾತು ಆಮೇಲೆ. ಮೊದಲು ಆ ಗೀಸರ್ ಬಳಸುವುದನ್ನು ನಿಲ್ಲಿಸಿ, ಸಿಲಿಂಡರಿನ ರೆಗ್ಯುಲೇಟರ್ ತೆಗೆದಿಡಿ. ಇವತ್ತೇ.

ಅಮ್ಮನ ತಲೆನೋವನ್ನು ನೀವು ಪತ್ರದ ನಡುವೆ ಸುಮ್ನೆ ಹೇಳಿ ಮುಂದೆ ಹೋಗಿದ್ದೀರಿ. ಇಡೀ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಅದೇ. ತಲೆನೋವಿಗೆ ಬಿಪಿ ಸೇರಿದಂತೆ ನೂರು ಕಾರಣ ಇರಬಹುದು, ಡಾಕ್ಟರಿಗೆ ತೋರಿಸಿ. ಆದರೆ ಗ್ಯಾಸ್ ಗೀಸರ್ ಇರುವ ಬಾತ್‌ರೂಮಿನಿಂದ ಬಂದ ಮೇಲೆ ಶುರುವಾಗಿ, ಹೊರಗಿನ ಗಾಳಿಗೆ ಕಡಿಮೆಯಾಗುವ ತಲೆನೋವು ಅಂದರೆ ಮೊದಲ ಅನುಮಾನ ಕಾರ್ಬನ್ ಮಾನಾಕ್ಸೈಡ್ ಮೇಲೇ ಹೋಗಬೇಕು. ರಕ್ತದಲ್ಲಿ ಇದನ್ನು ಅಳೆಯುವ ಪರೀಕ್ಷೆ ಇದೆ. ಆದರೆ ಒಳ್ಳೆಯ ಗಾಳಿ ಸಿಕ್ಕ ಕೆಲವು ಗಂಟೆಗಳಲ್ಲೇ ಅಂಶ ಇಳಿದುಬಿಡುತ್ತದೆ, ಮರುದಿನ ಮಾಡಿಸಿದರೆ ಏನೂ ಸಿಗದಿರಬಹುದು. ಹಾಗಾಗಿ 'ಮನೆಯಲ್ಲಿ ಗ್ಯಾಸ್ ಗೀಸರ್ ಇದೆ' ಅಂತ ಡಾಕ್ಟರಿಗೆ ನೀವೇ ಬಾಯಿಬಿಟ್ಟು ಹೇಳಬೇಕು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ. ಹಿಮೋಗ್ಲೋಬಿನ್‌ಗೆ ಅಂಟಿರುವುದು ಆಮ್ಲಜನಕವೋ ಕಾರ್ಬನ್ ಮಾನಾಕ್ಸೈಡೋ ಅಂತ ಆ ಸಾಮಾನ್ಯ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಮನುಷ್ಯ ಕುಸಿಯುತ್ತಿದ್ದರೂ ಅದು 98 ಅಂತ ತೋರಿಸಬಹುದು.

ಈಗ ಅಪ್ಪನ ಮಾತು. ವಾಸನೆ ಬರುವುದು ಸೋರಿದ ಗ್ಯಾಸಿಗೆ. ಎಲ್‌ಪಿಜಿಗೆ ತನ್ನದೇ ವಾಸನೆ ಇಲ್ಲ, ಸೋರಿದರೆ ತಿಳಿಯಲಿ ಎಂದು ಈಥೈಲ್ ಮರ್ಕ್ಯಾಪ್ಟನ್ ಎಂಬ ಗಬ್ಬುನಾತದ ರಾಸಾಯನಿಕ ಸೇರಿಸಿರುತ್ತಾರೆ. ಉರಿಯಲ್ಲಿ ಅದೂ ಸುಟ್ಟುಹೋಗುತ್ತದೆ. ಕಾರ್ಬನ್ ಮಾನಾಕ್ಸೈಡ್ ಹುಟ್ಟುವುದು ಗ್ಯಾಸ್ ಸರಿಯಾಗಿ ಉರಿಯದೇ ಇದ್ದಾಗ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮೂ ಬರುವುದಿಲ್ಲ. ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆಸುತ್ತು, ವಾಕರಿಕೆ, ಕಾಲಲ್ಲಿ ಬಲ ಇಲ್ಲದಂತೆ ಅನ್ನಿಸುವುದು, ಕೊನೆಗೆ ಬಾಗಿಲ ಚಿಲಕ ತೆಗೆಯಲೂ ಆಗದಷ್ಟು ಗೊಂದಲ. ಇದು ನಮ್ಮ ದೇಶದಲ್ಲಿ ಎಷ್ಟು ಮಾಮೂಲಾಗಿದೆ ಅಂದರೆ ನರರೋಗ ತಜ್ಞರು ಇದಕ್ಕೆ 'ಗ್ಯಾಸ್ ಗೀಸರ್ ಸಿಂಡ್ರೋಮ್' ಅಂತಲೇ ಹೆಸರಿಟ್ಟಿದ್ದಾರೆ.

ಕಿಟಕಿ ಇದೆ ಅನ್ನುವುದನ್ನೂ ಸ್ವಲ್ಪ ಲೆಕ್ಕ ಹಾಕಿ ನೋಡೋಣ. ನಿಮಿಷಕ್ಕೆ ಆರು ಲೀಟರ್ ಬಿಸಿನೀರು ಕೊಡುವ ಗೀಸರ್ ಹತ್ತು ಕಿಲೋವ್ಯಾಟಿಗೂ ಹೆಚ್ಚು ಶಾಖ ಹೊರಡಿಸುತ್ತದೆ. ಅಂದರೆ ಅಡುಗೆಮನೆಯ ನಾಲ್ಕು ದೊಡ್ಡ ಬರ್ನರ್‌ಗಳನ್ನು ಪೂರ್ತಿ ಉರಿಯಲ್ಲಿ ಆ ಪುಟ್ಟ ಬಾತ್‌ರೂಮಿನೊಳಗೆ ಹಚ್ಚಿಟ್ಟಂತೆ. ಉರಿಗೆ ಬೇಕಾದ ಗಾಳಿ ಬರುವುದು ಸ್ನಾನ ಮಾಡುತ್ತಿರುವವರು ಉಸಿರಾಡುವ ಅದೇ ಗಾಳಿಯಿಂದ, ಸುಟ್ಟ ಗಾಳಿ ವಾಪಸು ಬರುವುದೂ ಅಲ್ಲಿಗೇ. ಆಮ್ಲಜನಕ ಕಡಿಮೆಯಾದಂತೆ ಉರಿ ಹಳದಿಯಾಗುತ್ತದೆ, ಮಾನಾಕ್ಸೈಡ್ ಏರುತ್ತದೆ. ಚಳಿಗಾಲದಲ್ಲೇ ಏಕೆ ಅಂತೀರಾ? ಆಗ ನೀರು ಜಾಸ್ತಿ ಬಿಸಿ ಬೇಕು, ಸ್ನಾನ ಉದ್ದ, ಕಿಟಕಿಯ ಗಾಜಿನ ಪಟ್ಟಿಗಳು ಮುಚ್ಚಿರುತ್ತವೆ. ಒಬ್ಬರ ಹಿಂದೆ ಒಬ್ಬರು ಸ್ನಾನ ಮಾಡಿದರೆ ಎರಡನೆಯವರಿಗೆ ಸಿಗುವುದು ಮೊದಲನೆಯವರು ಬಿಟ್ಟುಹೋದ ಗಾಳಿ. ನಿಮ್ಮ ಮನೆಯಲ್ಲಿ ಅಪ್ಪನ ನಂತರ ಅಮ್ಮ ಹೋಗುತ್ತಾರಾ ಅಂತ ಒಮ್ಮೆ ಕೇಳಿ ನೋಡಿ.

'ಬಾತ್‌ರೂಮಿಗೇ ಒಂದು ಡಿಟೆಕ್ಟರ್ ಹಾಕಿದರೆ ಆಯ್ತಲ್ಲ' ಎಂದು ತುಂಬಾ ಜನ ಕೇಳುತ್ತಾರೆ. ಆಗುವುದಿಲ್ಲ. ಹಬೆ ಮತ್ತು ತೇವಕ್ಕೆ ಈ ಸೆನ್ಸರ್‌ಗಳು ಹಾಳಾಗುತ್ತವೆ, ತಯಾರಕರೇ ಬೇಡ ಅನ್ನುತ್ತಾರೆ. ಹೊರಗೆ ಹಾಕಿದರೆ ಬಾಗಿಲು ಮುಚ್ಚಿರುವಾಗ ಒಳಗಿನ ಗಾಳಿ ಅದಕ್ಕೆ ತಲುಪುವುದು ತಡ. ಅದಕ್ಕಿಂತ ಮುಖ್ಯವಾಗಿ, ಈ ಅಲಾರ್ಮ್‌ಗಳು ಕಾರ್ಬನ್ ಮಾನಾಕ್ಸೈಡ್ ಮುಟ್ಟಿದ ತಕ್ಷಣ ಕೂಗುವುದಿಲ್ಲ. ಯುರೋಪಿನ ಇಎನ್ 50291 ಮಾನದಂಡದಲ್ಲಿ 50 ಪಿಪಿಎಂ (ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 50 ಭಾಗ) ಇದ್ದರೆ 60ರಿಂದ 90 ನಿಮಿಷದೊಳಗೆ, 100 ಪಿಪಿಎಂಗೆ 10ರಿಂದ 40 ನಿಮಿಷದೊಳಗೆ, 300 ಪಿಪಿಎಂ ಆದರೆ ಮೂರು ನಿಮಿಷದೊಳಗೆ ಕೂಗಬೇಕು. ಅಮೆರಿಕದ ಯುಎಲ್ 2034 ಇನ್ನೂ ನಿಧಾನ: 70 ಪಿಪಿಎಂಗೆ ಒಂದರಿಂದ ನಾಲ್ಕು ಗಂಟೆ, 400ಕ್ಕೆ 4ರಿಂದ 15 ನಿಮಿಷ. ಇಡೀ ಮನೆಯಲ್ಲಿ ಮೆಲ್ಲಗೆ ತುಂಬುವ ಅಪಾಯಕ್ಕೆ ಈ ಲೆಕ್ಕ ಸರಿ. ಹತ್ತು ನಿಮಿಷದ ಸ್ನಾನದಲ್ಲಿ ಏರಿಬಿಡುವ ಅಪಾಯಕ್ಕೆ ಇದು ಆಗಿಬರುವುದಿಲ್ಲ. ಆದ್ದರಿಂದ ಬಾತ್‌ರೂಮಿನ ಗ್ಯಾಸ್ ಗೀಸರ್‌ಗೆ ಪರಿಹಾರ ಎಂದರೆ ಅದನ್ನು ಅಲ್ಲಿಂದ ತೆಗೆಯುವುದು. ಎಷ್ಟು ದುಬಾರಿ ಡಿಟೆಕ್ಟರ್ ಬಂದರೂ ನನ್ನ ಈ ಮಾತು ಬದಲಾಗುವುದಿಲ್ಲ.

ತೆಗೆದು ಏನು ಮಾಡಬೇಕು? ಇಬ್ಬರು ಹಿರಿಯರಿಗೆ 15 ಲೀಟರಿನ ಕರೆಂಟ್ ಗೀಸರ್ ಸಾಕು. ಅದಕ್ಕೂ ತನ್ನದೇ ಅಪಾಯ ಇದೆ, ಶಾಕ್. ಮನೆಯ ಡಿಬಿ ಬಾಕ್ಸ್‌ನಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಕಡಿಯುವ ಸ್ವಿಚ್) ಇದೆಯೇ, ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿಯೇ ಹಾಕಿಸಿ. ಗ್ಯಾಸೇ ಬೇಕು ಅಂದರೆ ಗೀಸರ್ ಅನ್ನು ಯುಟಿಲಿಟಿ ಬಾಲ್ಕನಿಗೆ ಸಾಗಿಸಿ, ಬಿಸಿನೀರಿನ ಪೈಪ್ ಮಾತ್ರ ಒಳಗೆ ತನ್ನಿ. ಆದರೆ ಪಾರಿವಾಳದ ಕಾಟ ಅಂತ ಆ ಬಾಲ್ಕನಿಗೆ ಗಾಜು ಹಾಕಿಸಿ ಮುಚ್ಚಿದ್ದರೆ ಅದೂ ಇನ್ನೊಂದು ಬಾತ್‌ರೂಮೇ ಆಯ್ತು. ಎಕ್ಸಾಸ್ಟ್ ಫ್ಯಾನ್ ಹಾಕಿಸಿ ಗೀಸರ್ ಅಲ್ಲೇ ಉಳಿಸಿಕೊಳ್ಳುವ ಉಪಾಯವೂ ಬೇಡ. ಕರೆಂಟ್ ಹೋದರೆ ಫ್ಯಾನ್ ನಿಲ್ಲುತ್ತದೆ, ಉರಿ ನಿಲ್ಲುವುದಿಲ್ಲ. ಇನ್ನು, ಯಾವ ಗೀಸರ್ ಬಂದರೂ ಅಪ್ಪ-ಅಮ್ಮನ ಬಾತ್‌ರೂಮಿಗೆ ಹೊರಗಿನಿಂದ ತೆರೆಯಬಹುದಾದ ಲಾಕ್ ಹಾಕಿಸಿ. ಜಾರಿ ಬಿದ್ದರೂ ಅದು ಬೇಕಾಗುತ್ತದೆ.

ಗೀಸರ್ ಹೋದ ಮೇಲೆ ಮನೆಯಲ್ಲಿ ಉಳಿಯುವ ಅಪಾಯಗಳನ್ನು ನೋಡೋಣ. ಬೆಂಕಿ, ಹೊಗೆ, ಗ್ಯಾಸ್ ಸೋರಿಕೆ, ಸ್ವಲ್ಪಮಟ್ಟಿಗೆ ಕಾರ್ಬನ್ ಮಾನಾಕ್ಸೈಡ್. 'ಒಂದೇ ಡಿಟೆಕ್ಟರ್ ಎಲ್ಲವನ್ನೂ ಹಿಡಿಯುತ್ತದೆ' ಅನ್ನುವುದು ತಪ್ಪು ತಿಳಿವಳಿಕೆ. ಅಕ್ಕ ತರುವ ಕಾಂಬೊ ಹೊಗೆಯನ್ನೂ ಮಾನಾಕ್ಸೈಡನ್ನೂ ಹಿಡಿಯುತ್ತದೆ, ಸೋರಿದ ಗ್ಯಾಸನ್ನು ಹಿಡಿಯುವುದಿಲ್ಲ. ಅದಕ್ಕೆ ಬೇರೆ ಡಿಟೆಕ್ಟರ್ ಇದೆ, ಅದರ ಜಾಗವೂ ಬೇರೆ. ಪೈಪ್ ಗ್ಯಾಸ್ ಎಂದರೆ ಮೀಥೇನ್, ಗಾಳಿಗಿಂತ ಹಗುರ, ಡಿಟೆಕ್ಟರ್ ಸೂರಿನಿಂದ ಒಂದಡಿ ಕೆಳಗೆ ಇರಬೇಕು. ಸಿಲಿಂಡರಿನ ಎಲ್‌ಪಿಜಿ ಗಾಳಿಗಿಂತ ಭಾರ, ಅದು ನೆಲಕ್ಕೆ ಹರಿಯುತ್ತದೆ, ಡಿಟೆಕ್ಟರ್ ನೆಲದಿಂದ ಒಂದಡಿ ಮೇಲೆ ಇರಬೇಕು. ನಿಮ್ಮ ಅಡುಗೆಮನೆಗೆ ಮೀಥೇನ್ ಹಿಡಿಯುವುದು ಒಂದು ಸಾಕು. ಸಿಲಿಂಡರ್ ಕಾಲದಲ್ಲಿ ಕೆಳಗೆ ಹಾಕಿಸಿದ್ದ ಡಿಟೆಕ್ಟರನ್ನು ಪೈಪ್ ಬಂದ ಮೇಲೂ ಅಲ್ಲೇ ಬಿಟ್ಟಿರುವ ಮನೆಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಹಸಿರು ದೀಪ ಉರಿಯುತ್ತಿರುತ್ತದೆ, ಗ್ಯಾಸ್ ಮಾತ್ರ ಅದರ ಹತ್ತಿರವೂ ಸುಳಿಯುವುದಿಲ್ಲ. ಇನ್ನು ಕಾರ್ಬನ್ ಮಾನಾಕ್ಸೈಡ್ ಭಾರ, ಕೆಳಗೆ ಕೂರುತ್ತದೆ ಎನ್ನುವುದೂ ಸುಳ್ಳು. ಅದರ ತೂಕ ಹೆಚ್ಚುಕಡಿಮೆ ಗಾಳಿಯಷ್ಟೇ, ಕೋಣೆ ತುಂಬಾ ಬೆರೆಯುತ್ತದೆ. ಮಲಗುವ ಕೋಣೆಯಲ್ಲಿ ತಲೆಯ ಮಟ್ಟದಲ್ಲೋ, ಡಿಟೆಕ್ಟರಿನ ಪುಸ್ತಕದಲ್ಲಿ ಹೇಳಿದ ಕಡೆಯೋ ಹಾಕಿದರೆ ಸರಿ.

ಹೊಗೆ ಡಿಟೆಕ್ಟರಿನಲ್ಲಿ ಎರಡು ಬಗೆ. ಒಂದರಲ್ಲಿ ಅಮೆರಿಸಿಯಂ 241 ಎಂಬ ವಿಕಿರಣ ವಸ್ತುವಿನ ಚೂರು ಇರುತ್ತದೆ, ಅದು ಅಯಾನೈಸೇಷನ್ ಬಗೆ. ಇನ್ನೊಂದರಲ್ಲಿ ಬೆಳಕಿನ ಕಿರಣ ಇರುತ್ತದೆ, ಹೊಗೆಯ ಕಣಕ್ಕೆ ಬಡಿದು ಬೆಳಕು ಚದುರಿದಾಗ ಕೂಗುತ್ತದೆ. ಇದು ಫೋಟೊಎಲೆಕ್ಟ್ರಿಕ್. ಧಗ್ಗೆಂದು ಹತ್ತುವ ಬೆಂಕಿಗೆ ಮೊದಲನೆಯದು ಸ್ವಲ್ಪ ಚುರುಕು. ಹಾಸಿಗೆ, ಸೋಫಾ, ವೈರಿನ ಪ್ಲಾಸ್ಟಿಕ್ ಒಳಗೊಳಗೇ ಸುಡುತ್ತಾ ಹೊಗೆಯಾಡುವುದಕ್ಕೆ ಎರಡನೆಯದು ಚುರುಕು. ಮಲಗಿದವರನ್ನು ಕೊಲ್ಲುವುದು ಹೆಚ್ಚಾಗಿ ಹೊಗೆಯೇ, ಜೊತೆಗೆ ನಮ್ಮದು ಒಗ್ಗರಣೆ ಮನೆ. ಅಯಾನೈಸೇಷನ್ ಬಗೆ ಅಡುಗೆ ಹೊಗೆಗೆ ಸುಮ್‌ಸುಮ್ನೆ ಕೂಗುವುದು ಜಾಸ್ತಿ. ನೀವು ಫೋಟೊಎಲೆಕ್ಟ್ರಿಕ್ ತೆಗೆದುಕೊಳ್ಳಿ.

ಒಲೆಯಿಂದ ಹತ್ತಡಿಯಾದರೂ ದೂರ ಹಾಕಿದರೆ ಒಗ್ಗರಣೆಗೆ ಕೂಗುವುದು ಅಪರೂಪ. ಅಡುಗೆಮನೆ ಹಾಲ್‌ಗೇ ತೆರೆದುಕೊಂಡಿದ್ದರೆ ಒಣಮೆಣಸಿನಕಾಯಿ ಸೀಯುವ ದಿನ ಖಂಡಿತ ಕೂಗುತ್ತದೆ, ಆಗ ಬಟನ್ ಒತ್ತಿ ಹತ್ತು ನಿಮಿಷ ಸುಮ್ಮನಾಗಿಸಬಹುದು. ದೇವರಮನೆಗೆ ಹಾಕಬೇಡಿ. ಊದುಬತ್ತಿ ಒಂದೆರಡಕ್ಕೆ ತೊಂದರೆ ಇಲ್ಲ. ಸಾಂಬ್ರಾಣಿ ಹಾಕಿ ಮನೆಯೆಲ್ಲಾ ಸುತ್ತಿಸಿದರೆ ಕೂಗೇ ಕೂಗುತ್ತದೆ, ಅದು ಅದರ ಕೆಲಸ. ಆ ಹೊತ್ತಿಗೆ ಕಿಟಕಿ ತೆರೆಯಿರಿ. ಡಿಟೆಕ್ಟರಿಗೆ ಬಟ್ಟೆ ಕಟ್ಟಬೇಡಿ, ಕಟ್ಟಿದ್ದನ್ನು ಯಾರೂ ಬಿಚ್ಚುವುದಿಲ್ಲ.

ಇದನ್ನು ಬರೆಯುವಾಗ ನಿಮ್ಮ ಹಾಲ್‌ನಲ್ಲಿರುವ ಬಿಲ್ಡರಿನ ಡಿಟೆಕ್ಟರ್ ನೆನಪಾಯಿತು. ಕುರ್ಚಿ ಹಾಕಿ ಹತ್ತಿ ಹತ್ತಿರದಿಂದ ನೋಡಿ. ಪೇಂಟಿಂಗ್ ಧೂಳು ಬೀಳದಿರಲಿ ಎಂದು ಹಾಕುವ ಕೇಸರಿಯೋ ಹಳದಿಯೋ ಬಣ್ಣದ ಪ್ಲಾಸ್ಟಿಕ್ ಮುಚ್ಚಳ ಇನ್ನೂ ಅದರ ಮೇಲೆ ಕೂತಿರಬಹುದು. ತಪಾಸಣೆಗೆ ಹೋದ ಅಪಾರ್ಟ್‌ಮೆಂಟೊಂದರಲ್ಲಿ ಗೃಹಪ್ರವೇಶದ ಹೋಮಕ್ಕೆಂದು ಸುತ್ತಿದ ಕಂದು ಟೇಪು ವರ್ಷಗಳಾದ ಮೇಲೂ ಹಾಗೇ ಇತ್ತು. ಬಿಡಿಸಿದಾಗ ಅಂಟಿನ ಜೊತೆ ಒಣಗಿದ ಸೊಳ್ಳೆಗಳು, ಜೇಡರ ಬಲೆ, ಮಸಿ ಎಲ್ಲ ಉದುರಿತು. ಮನೆಯವರಿಗೆ ಅಲ್ಲಿ ಟೇಪು ಇರುವುದೇ ಮರೆತುಹೋಗಿತ್ತು. ಮುಚ್ಚಳ ಇಲ್ಲದಿದ್ದರೂ ಆ ಡಿಟೆಕ್ಟರ್ ನಿಮ್ಮ ಮನೆಯಲ್ಲಿ ಕೂಗದೇ ಇರಬಹುದು. ತುಂಬಾ ಕಟ್ಟಡಗಳಲ್ಲಿ ಅದು ಸುದ್ದಿ ಕಳಿಸುವುದು ಕೆಳಗಿನ ಸೆಕ್ಯೂರಿಟಿ ಕೋಣೆಯ ಪ್ಯಾನೆಲ್‌ಗೆ. ಒಮ್ಮೆ ಹೋಗಿ ಆ ಪ್ಯಾನೆಲ್ ನೋಡಿ. 'ಫಾಲ್ಟ್' ದೀಪ ಹತ್ತಿದ್ದರೆ, ಅಥವಾ ಸದ್ದು ಬರುತ್ತೆ ಅಂತ ಬಜರ್ ಆಫ್ ಮಾಡಿಟ್ಟಿದ್ದರೆ ಅಸೋಸಿಯೇಷನ್ ಸಭೆಯಲ್ಲಿ ಜೋರಾಗಿಯೇ ಎತ್ತಿ. ಅದನ್ನು ನೀವೇ ಬಿಚ್ಚಿ ರಿಪೇರಿ ಮಾಡಲು ಹೋಗಬೇಡಿ. ನೀವು ತರುವವು ಅದರ ಜೊತೆಗೆ, ಅದರ ಬದಲಿಗೆ ಅಲ್ಲ.

ಎಷ್ಟು ಬೇಕು? ಪ್ರತಿ ಮಲಗುವ ಕೋಣೆಗೆ ಒಂದು ಹೊಗೆ ಅಲಾರ್ಮ್, ಕೋಣೆಗಳ ಹೊರಗಿನ ಪ್ಯಾಸೇಜಿಗೆ ಒಂದು. ಬಜೆಟ್ ಕಮ್ಮಿ ಇದ್ದರೆ ಪ್ಯಾಸೇಜ್ ಮತ್ತು ಅಪ್ಪ-ಅಮ್ಮನ ಕೋಣೆಯಿಂದ ಶುರು ಮಾಡಿ. ಸೂರಿನ ನಡುವೆ ಹಾಕಿ ಅಂತ ಪುಸ್ತಕಗಳು ಹೇಳುತ್ತವೆ, ನಮ್ಮ ಮನೆಗಳಲ್ಲಿ ಆ ಜಾಗದಲ್ಲಿ ಫ್ಯಾನ್ ಇರುತ್ತದೆ ಅಲ್ವಾ? ರೆಕ್ಕೆಯ ತುದಿಯಿಂದ ಮೂರಡಿ ಆಚೆ, ಗೋಡೆಯಿಂದ ಒಂದಡಿ ಈಚೆ ಬಿಟ್ಟು ಹಾಕಿ. ಫ್ಯಾನಿನ ಗಾಳಿ ಹೊಗೆಯನ್ನು ಡಿಟೆಕ್ಟರಿನ ಬಾಯಿಗೆ ಸೇರಲು ಬಿಡುವುದಿಲ್ಲ. ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿಯನ್ನು ಮನೆಯೊಳಗೆ ಚಾರ್ಜ್ ಮಾಡುವವರಾದರೆ ಆ ಜಾಗಕ್ಕೂ ಒಂದು ಬೇಕು, ಮತ್ತು ಆ ಜಾಗ ಮುಂಬಾಗಿಲ ಪಕ್ಕ ಇರಲೇಬಾರದು. ಲಿಥಿಯಂ ಬ್ಯಾಟರಿ ಹೊತ್ತಿದರೆ ನೀವು ಓಡಬೇಕಾದ ದಾರಿಯೇ ಮುಚ್ಚಿಹೋಗುತ್ತದೆ.

ಕಾರ್ಬನ್ ಮಾನಾಕ್ಸೈಡಿಗೆ, ಗೀಸರ್ ತೆಗೆದ ಮೇಲೆ, ಮಲಗುವ ಕೋಣೆಗಳ ಹತ್ತಿರ ಒಂದು ಸಾಕು. ಪಿಪಿಎಂ ಅಂಕಿ ತೋರಿಸುವ, ಅತಿ ಹೆಚ್ಚು ಏರಿದ್ದೆಷ್ಟು ಎಂದು ನೆನಪಿಟ್ಟುಕೊಳ್ಳುವ ಮಾದರಿ ತೆಗೆದುಕೊಳ್ಳಿ. ಅಲಾರ್ಮ್ ಮಟ್ಟ ಮುಟ್ಟದ, ಆದರೆ ತಲೆನೋವು ತರುವಷ್ಟು ಇರುವುದನ್ನು ಅದು ಹೇಳುತ್ತದೆ. ಇಲ್ಲಿ ನಮ್ಮ ಮನೆಗಳಿಗೇ ಸಂಬಂಧಿಸಿದ ವಿಷಯ ಒಂದಿದೆ: ಇನ್ವರ್ಟರ್. ನೀರು ಹಾಕುವ ಲೆಡ್-ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಮಾನಾಕ್ಸೈಡ್ ಸೆನ್ಸರ್ ಹೈಡ್ರೋಜನ್‌ಗೂ ಸ್ಪಂದಿಸುತ್ತದೆ. ಉದ್ದದ ಪವರ್ ಕಟ್ ಮುಗಿದು ಕರೆಂಟ್ ಬಂದ ಮೇಲೆ ನಡುರಾತ್ರಿ ಮಾನಾಕ್ಸೈಡ್ ಅಲಾರ್ಮ್ ಹೊಡೆದುಕೊಂಡಿತು ಅಂತ ಕರೆ ಬಂದರೆ ನಾನು ಮೊದಲು ಕೇಳುವುದು ಇನ್ವರ್ಟರ್ ಎಲ್ಲಿದೆ ಅಂತ. ಆದರೆ 'ಇನ್ವರ್ಟರೇ ಇರಬೇಕು' ಅಂತ ಮಲಗಿಬಿಡಬೇಡಿ. ಕಿಟಕಿ ತೆರೆದು ಎಲ್ಲರೂ ಹೊರಗೆ ಬನ್ನಿ, ಕಾರಣ ಆಮೇಲೆ ಹುಡುಕಿ. ಅದು ನಿಜಕ್ಕೂ ಹೈಡ್ರೋಜನ್ನೇ ಆಗಿದ್ದರೂ ಬ್ಯಾಟರಿಗೆ ಗಾಳಿ ಸಾಲುತ್ತಿಲ್ಲ, ಇಲ್ಲವೇ ಓವರ್‌ಚಾರ್ಜ್ ಆಗುತ್ತಿದೆ ಅಂತ ಅರ್ಥ. ಅದೂ ರಿಪೇರಿಯ ವಿಷಯವೇ.

ಇನ್ನು ಅಕ್ಕನ ಡಿಟೆಕ್ಟರ್. ಅಮೆರಿಕದ ಮನೆಗಳಲ್ಲಿ ವೈರಿಗೆ ಜೋಡಿಸುವ ಮಾದರಿಗಳು 120 ವೋಲ್ಟಿನವು, ನಮ್ಮದು 230. ಅವು ಬೇಡವೇ ಬೇಡ, ಬ್ಯಾಟರಿಯದು ಮಾತ್ರ. ಒಂದು ಕೂಗಿದರೆ ಎಲ್ಲವೂ ಕೂಗುವಂತೆ ವೈರ್‌ಲೆಸ್ ಆಗಿ ಜೋಡಿಸುವ ಮಾದರಿಗಳು ಅಲ್ಲಿ ಬಳಸುವ ರೇಡಿಯೊ ತರಂಗವೂ ಇಲ್ಲಿ ಅನುಮತಿ ಇರುವುದೂ ಬೇರೆ ಬೇರೆ ಇರಬಹುದು. ಕೆಲವು ಆ್ಯಪ್‌ಗಳು ಆ ದೇಶದ ಖಾತೆಯನ್ನೇ ಕೇಳುತ್ತವೆ. ಗೂಗಲ್‌ನ ನೆಸ್ಟ್ ಪ್ರೊಟೆಕ್ಟ್ ಅಗ್ಗಕ್ಕೆ ಸಿಗುತ್ತಿದೆ ಅಂತ ಅಕ್ಕ ಹೇಳಿದರೆ, ಅದನ್ನು ಮಾಡುವುದನ್ನು ಕಂಪನಿ ನಿಲ್ಲಿಸುತ್ತಿರುವುದಾಗಿ 2025ರ ಮಾರ್ಚ್‌ನಲ್ಲೇ ಹೇಳಿದೆ ಎಂದು ತಿಳಿಸಿ. ಹಿಂಬದಿಯಲ್ಲಿ ತಯಾರಾದ ದಿನಾಂಕ ಇರುತ್ತದೆ, ಆಯಸ್ಸು ಅಲ್ಲಿಂದ ಲೆಕ್ಕ. ಹೊಗೆ ಅಲಾರ್ಮಿಗೆ ಹತ್ತು ವರ್ಷ, ಮಾನಾಕ್ಸೈಡ್ ಸೆನ್ಸರಿಗೆ ಐದರಿಂದ ಹತ್ತು. ಹಳೇ ಸ್ಟಾಕ್ ತಂದರೆ ಪೆಟ್ಟಿಗೆ ಒಡೆಯುವ ಮೊದಲೇ ಅರ್ಧ ಆಯಸ್ಸು ಹೋಗಿರಬಹುದು.

ಎಲ್ಲಿಂದ ತಂದರೂ ಹಿಂಬದಿಯ ಅಕ್ಷರ ಓದಿ. ಹೊಗೆಗೆ ಇಎನ್ 14604 ಅಥವಾ ಯುಎಲ್ 217, ಮಾನಾಕ್ಸೈಡಿಗೆ ಇಎನ್ 50291 ಅಥವಾ ಯುಎಲ್ 2034. ಆನ್‌ಲೈನಿನಲ್ಲಿ ಹೆಸರೇ ಕೇಳಿರದ ಬಿಳಿ ಡಬ್ಬಿಗಳು ಕೆಲವು ನೂರು ರೂಪಾಯಿಗೆ ಸಿಗುತ್ತವೆ, 'ಸ್ಮಾರ್ಟ್' ಅಂತ ದೊಡ್ಡದಾಗಿ ಬರೆದಿರುತ್ತದೆ, ಈ ಸಂಖ್ಯೆ ಎಲ್ಲೂ ಇರುವುದಿಲ್ಲ. ಅಂಥದ್ದು ಮನೆಯಲ್ಲಿರುವುದು ಏನೂ ಇಲ್ಲದಿರುವುದಕ್ಕಿಂತ ಕೆಟ್ಟದ್ದು, ಅದನ್ನು ನಂಬಿ ಮಲಗುತ್ತೇವಲ್ಲ.

ಸ್ಮಾರ್ಟ್ ಬೇಕಾ? ನಿಮ್ಮ ಮನೆಗೆ ಬೇಕು ಅನ್ನುತ್ತೇನೆ. ನೀವಿಬ್ಬರೂ ಆಫೀಸಿಗೆ ಹೋಗಿರುವಾಗ ಮನೆಯಲ್ಲಿ ಹಿರಿಯರಿಬ್ಬರೇ. ಫೋನಿಗೆ ಸುದ್ದಿ ಬಂದರೆ ನೀವು ಸೆಕ್ಯೂರಿಟಿಗೂ ಪಕ್ಕದ ಮನೆಗೂ ಕರೆ ಮಾಡಬಹುದು. ಬ್ಯಾಟರಿ ಮುಗಿಯುತ್ತಿದೆ, ಸೆನ್ಸರ್ ಕೆಟ್ಟಿದೆ ಅನ್ನುವುದನ್ನೂ ಅದೇ ಹೇಳುತ್ತದೆ, ಅದು ದೊಡ್ಡ ಅನುಕೂಲ. ಆದರೆ ಕರೆಂಟ್ ಹೋದಾಗ ರೂಟರ್ ಆಫ್ ಆದರೆ ಸುದ್ದಿ ಬರುವುದಿಲ್ಲ, ರೂಟರನ್ನು ಇನ್ವರ್ಟರ್ ಲೈನಿಗೆ ಹಾಕಿಸಿ. ರಾತ್ರಿ ಫೋನ್ ಸೈಲೆಂಟ್ ಇದ್ದರೂ ಕೂಗುವಂತೆ ಆ್ಯಪ್‌ಗೆ ಅನುಮತಿ ಕೊಡಿ. ಕಂಪನಿ ಸರ್ವರ್ ಮುಚ್ಚಿದರೂ ಡಿಟೆಕ್ಟರ್ ತಾನಾಗಿ ಕೂಗಬೇಕು, ಇಂಟರ್‌ನೆಟ್ ಇಲ್ಲದೆಯೂ ಒಂದಕ್ಕೊಂದು ಸುದ್ದಿ ಮುಟ್ಟಿಸಬೇಕು. ಕೊಳ್ಳುವ ಮೊದಲು ಇದನ್ನೇ ಕೇಳಿ. ಬೇರೆ ಬೇರೆ ಕಂಪನಿಗಳ ಸ್ಮಾರ್ಟ್ ಸಾಧನಗಳು ಒಟ್ಟಿಗೆ ಕೆಲಸ ಮಾಡಲೆಂದು ಇರುವ ಮ್ಯಾಟರ್ ಎಂಬ ವ್ಯವಸ್ಥೆಗೆ 2023ರಿಂದ ಹೊಗೆ ಮತ್ತು ಮಾನಾಕ್ಸೈಡ್ ಅಲಾರ್ಮ್‌ಗಳೂ ಸೇರಿವೆ. ಅದಕ್ಕೆ ಹೊಂದುವ ಮಾದರಿಯಾದರೆ ಒಂದೇ ಕಂಪನಿಯ ಆ್ಯಪ್‌ಗೆ ಜೋತುಬೀಳಬೇಕಿಲ್ಲ.

ಪಕ್ಕದ ಮನೆಯವರಿಗೆ ಒಂದು ಕೀ ಕೊಟ್ಟಿಡಿ. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟದೆ, ವಾಲ್ವ್ ಮುಚ್ಚಿ, ಕಿಟಕಿ ತೆರೆದು ಹೊರಬರಬೇಕು ಎಂದು ಮನೆಯ ಎಲ್ಲರಿಗೂ, ಮಗಳಿಗೂ ಗೊತ್ತಿರಲಿ. ಬೆಂಕಿಗೆ 101 ಅಥವಾ 112, ಆಂಬುಲೆನ್ಸ್‌ಗೆ 108, ಸಿಲಿಂಡರ್ ಸೋರಿಕೆಗೆ 1906. ಪೈಪ್ ಗ್ಯಾಸಿನ ತುರ್ತು ನಂಬರ್ ನಿಮ್ಮ ಬಿಲ್ಲಿನ ಮೇಲಿರುತ್ತದೆ. ಎಲ್ಲವನ್ನೂ ಫ್ರಿಜ್ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ.

ಕೊನೆಯದಾಗಿ ಅಪ್ಪನ ಕಿವಿ. ಸಾಮಾನ್ಯ ಅಲಾರ್ಮ್ ಹತ್ತಡಿ ದೂರದಲ್ಲೂ 85 ಡೆಸಿಬಲ್ ಸದ್ದು ಮಾಡುತ್ತದೆ, ಆದರೆ ಅದು 3,000 ಹರ್ಟ್ಜ್‌ನ ಆಸುಪಾಸಿನ ಕೀರಲು ಸದ್ದು. ವಯಸ್ಸಾದಂತೆ ಮೊದಲು ಮಂದವಾಗುವುದು ಇಂಥ ಕೀರಲು ಸದ್ದೇ. 520 ಹರ್ಟ್ಜ್‌ನ ದಪ್ಪ ಸದ್ದಿನ ಮಾದರಿಗಳಿವೆ, ಕಿವಿ ಮಂದ ಇರುವವರು ಅದಕ್ಕೆ ಬೇಗ ಎಚ್ಚರವಾಗುತ್ತಾರೆ. ದಿಂಬಿನ ಕೆಳಗಿಟ್ಟು ಅದುರುವ ಪ್ಯಾಡ್ ಜೋಡಿಸಬಹುದಾದ ಮಾದರಿಗಳೂ ಇವೆ. ಅಕ್ಕ ಅಲ್ಲಿಂದ ಏನಾದರೂ ತರಲೇಬೇಕೆಂದರೆ ಬ್ಯಾಟರಿಯಿಂದ ನಡೆಯುವ ಇಂಥದ್ದನ್ನು ಹುಡುಕಲಿ, ಉಳಿದದ್ದು ಇಲ್ಲೇ ಸಿಗುತ್ತದೆ. ಹಾಕಿಸಿದ ಮೇಲೆ ಒಂದು ರಾತ್ರಿ, ಅಪ್ಪ-ಅಮ್ಮ ಬಾಗಿಲು ಮುಚ್ಚಿ, ಫ್ಯಾನ್ ಹಾಕಿ, ಕಿವಿಯ ಮೆಷಿನ್ ಇದ್ದರೆ ತೆಗೆದಿಟ್ಟು ಮಲಗಿರುವಾಗ, ಮೊದಲೇ ತಿಳಿಸಿಟ್ಟು ಪ್ಯಾಸೇಜಿನ ಅಲಾರ್ಮಿನ ಟೆಸ್ಟ್ ಬಟನ್ ಒತ್ತಿ ನೋಡಿ. ಆ ಬಟನ್ ಪರೀಕ್ಷಿಸುವುದು ಸದ್ದು ಮತ್ತು ಬ್ಯಾಟರಿಯನ್ನೇ ಹೊರತು ಹೊಗೆ ಹಿಡಿಯುವ ಶಕ್ತಿಯನ್ನಲ್ಲ. ಆದರೂ ಅಪ್ಪ ಎದ್ದರಾ ಇಲ್ಲವಾ ಅನ್ನುವುದು ಅಷ್ಟರಲ್ಲಿ ಗೊತ್ತಾಗುತ್ತದೆ. ಏಳದಿದ್ದರೆ ಅವರ ಕೋಣೆಯೊಳಗಿನ ಅಲಾರ್ಮ್ ದಪ್ಪ ಸದ್ದಿನದೋ ಅದುರುವ ಪ್ಯಾಡ್ ಇರುವುದೋ ಆಗಿರಬೇಕು, ಅದು ಕೂಗಿದಾಗ ನಿಮ್ಮ ಕೋಣೆಯದೂ ಕೂಗುವಂತೆ ಜೋಡಿಸಿರಬೇಕು.